ತುಕ್ಕು ತೆಗೆಯುವ ಮುಟ್ಟುಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮ

ಬೇಸಾಯದ ಕಬ್ಬಿಣದ ಸಾಮಾನುಗಳು ಕೆಲಸದಿಂದ ಸವೆಯುವುದು ಸಹಜ. ಆದರೆ ಕೆಲಸವಿಲ್ಲದೆ ಮೂಲೆಯಲ್ಲಿ ಬಿದ್ದಿರುವಾಗಲೂ ಅವು ತುಕ್ಕಿನಿಂದ ಕ್ಷಯಿಸುತ್ತಲೇ ಇರುವುವು. ಮಣ್ಣು ಮೆತ್ತಿದ ಹಾಗೆಯೇ ಕೊಟ್ಟಿಗೆಯಲ್ಲಿ ಇಟ್ಟ ನೇಗಿಲ ಗುಳವನ್ನು ಮುಂದಿನ ಮುಂಗಾರಿಗೆ ಹೊರತೆಗೆದು ಹೂಡಿದರೆ, ಅದರ ಒರಟು ಮೈಗೆ ಮಣ್ಣು ಅಂಟಿಕೊಂಡು ಎಳೆತ ಹೆಚ್ಚುವುದು. ಎತ್ತುಗಳು ಬೇಗ ದಣಿಯುವುವು. ತುಕ್ಕು ತಿಂದ ಕುಡುಗೋಲಿನಿಂದ ರಾಗಿ ಕೊಯ್ಯುವ ಆಳು ಅಷ್ಟೇ ಹೊತ್ತಿನಲ್ಲಿ ಕಡಿಮೆ ಕೆಲಸ ಮಾಡುವನು; ಕೂಲಿಯೇನೋ ಕಡಿಮೆಯಾಗದು. ಈ ನಷ್ಟವನ್ನು ತಪ್ಪಿಸಲು ಬೇಕಾದ ಮುಟ್ಟುಗಳನ್ನು ರೈತರು ಹಳೆಯ ಸಾಮಾನುಗಳಿಂದ ತಾವೇ ಮಾಡಿಕೊಳ್ಳಬಹುದು.

ತುಕ್ಕಿನ ಸ್ವಭಾವ

ಕಬ್ಬಿಣವು ನೀರಿನೊಡನೆಯೂ ಗಾಳಿಯಲ್ಲಿರುವ ಆಮ್ಲಜನಕದೊಡನೆಯೂ ಸೇರಿದಾಗ ತುಕ್ಕು ಉಂಟಾಗುವುದು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ತುಕ್ಕು ಬೆಳೆಯಲಾರದು. ಉಪ್ಪಿನ ಅಂಶವಿದ್ದರೆ ಈ ಕ್ರಿಯೆಯು ತೀವ್ರವಾಗುವುದು. ಆದುದರಿಂದಲೇ ರಾಸಾಯನಿಕ ಗೊಬ್ಬರವನ್ನು ತುಂಬಿದ ಕೂರಿಗೆ, ಬಾನಿ, ಸನಿಕೆಗಳು ಬೇಗ ಹಾಳಾಗುವುವು. ತುಕ್ಕಿನ ಪದರವು ಸಡಿಲವಾಗಿದ್ದು ತೇವವನ್ನು ಹೀರಿ ಹಿಡಿದುಕೊಳ್ಳುವುದರಿಂದ, ಅದನ್ನು ತೆಗೆಯದೆ ಮೇಲೆ ಎಣ್ಣೆ ಅಥವಾ ಬಣ್ಣ ಬಳಿಯುವುದು ವ್ಯರ್ಥ.

1. ಹೆರೆಯುವ ಉಳಿ

ದಪ್ಪವಾಗಿ ಕಟ್ಟಿದ ತುಕ್ಕನ್ನೂ ಒಣಗಿದ ಮಣ್ಣನ್ನೂ ಮೊದಲು ಹೆರೆದು ತೆಗೆಯತಕ್ಕದ್ದು. ಇದಕ್ಕೆ ಹಲ್ಲು ಸವೆದ ಚಪ್ಪಟೆ ಅರವು ಬಹಳ ಉತ್ತಮ. ಅದರ ತುದಿಯ ಒಂದು ಅಂಗುಲದಷ್ಟು ಭಾಗದಲ್ಲಿ ಎರಡು ಮೈಯ ಹಲ್ಲುಗಳನ್ನೂ ಸಾಣೆಯಲ್ಲಿ ಸವೆಯಿಸಿ ನುಣುಪು ಮಾಡಿ, ಕೊನೆಯನ್ನು ನೇರವಾಗಿ, ಚೌಕ ಮೂಲೆ ಬರುವಂತೆ ಹಿಡಿಯಬೇಕು. ಸಾಣೆ ಹಿಡಿಯುವಾಗ ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಕೆಟ್ಟು ಮೆತ್ತಗಾಗುವುದು. ಆದುದರಿಂದ ಅಡಿಗಡಿಗೆ ನೀರಿನಲ್ಲಿ ಅದ್ದುತ್ತಿರಬೇಕು. ಹಿಡಿಯನ್ನು ಗಟ್ಟಿ ಮರದಿಂದ ಮಾಡಿ, ಬಾಯಿಗೆ ಕಬ್ಬಿಣದ ಬಳೆ ತೊಡಿಸಿ, ಅರದ ಬಾಲಕ್ಕಿಂತ ತುಸು ಕಿರಿದಾದ ತೂತು ಕೊರೆದು ಬಾಲವನ್ನು ಸೇರಿಸಿ, ಹಿಡಿಯ ಬುಡವನ್ನು ಮರದ ದಿಮ್ಮಿಯ ಮೇಲೆ ಕುಟ್ಟಿದರೆ ಅದು ಬಿಗಿಯಾಗಿ ಕೂರುವುದು. ಅರದ ಉಕ್ಕು ಬಹಳ ಪೆಡಸು. ಸುತ್ತಿಗೆಯಿಂದ ಹೊಡೆದರೆ ಚೂರಾಗಿ ಕಣ್ಣಿಗೆ ಸಿಡಿಯಬಹುದಾದ್ದರಿಂದ ಇದನ್ನು ಕೈಯೊತ್ತಿನಿಂದಲೇ ಬಳಸಬೇಕು, ಎಂದಿಗೂ ಹೊಡೆಯಕೂಡದು.

2. ತಂತಿಯ ಕುಂಚ

ಸೈಕಲ್ಲಿನ ಅಥವಾ ಮೋಟಾರು ಸೈಕಲ್ಲಿನ ತುಂಡಾದ ಬ್ರೇಕು ತಂತಿಯನ್ನು ಬಿಸಾಡದೆ ಕೂಡಿಟ್ಟುಕೊಳ್ಳಬೇಕು. ಅದರ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ಎರಡು ಅಂಗುಲದ ತುಂಡುಗಳಾಗಿ ಕತ್ತರಿಸತಕ್ಕದ್ದು. ಅರ್ಧ ಅಂಗುಲದ ಕಬ್ಬಿಣದ ಕೊಳವೆಯ ಐದಾರು ಅಂಗುಲದ ತುಂಡಿನ ಬಾಯಲ್ಲಿ ಈ ತಂತಿಗಳನ್ನು ಹಿಡಿಯುವಷ್ಟು ಒತ್ತಾಗಿ ತುಂಬಿ, ಒಂದು ಅಂಗುಲ ಒಳಗೂ ಒಂದು ಅಂಗುಲ ಹೊರಗೂ ಇರುವಂತೆ ಮಾಡಿ, ಕೊಳವೆಯ ಬಾಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಬೇಕು. ಒಂದು ತೂತು ಕೊರೆದು ಮೊಳೆ ಹಾಕಿ ಮಡಿಸಿದರೆ ತಂತಿಗಳು ಜಾರಲಾರವು. ಕೊನೆಯಲ್ಲಿ ಹೊರಗಿನ ತಂತಿಗಳ ಹುರಿಯನ್ನು ಬಿಚ್ಚಿ, ತುದಿಗಳನ್ನು ಸಮನಾಗಿ ಕತ್ತರಿಸಿದರೆ ಕುಂಚವು ಸಿದ್ಧ. ಹೊರಚಾಚಿದ ಭಾಗವು ಗಿಡ್ಡವಾದಷ್ಟೂ ಕುಂಚವು ಬಿರುಸಾಗಿರುವುದು. ಮೂಲೆಗಳಿಗೂ ಮರೆಮೊಳೆಗಳ ಸುತ್ತುಗಳಿಗೂ ಇದು ವಿಶೇಷವಾಗಿ ಅನುಕೂಲ.

3. ಉಜ್ಜುವ ಹಲಗೆ

ಒಂದು ಅಡಿ ಉದ್ದ, ಎರಡು ಅಂಗುಲ ಅಗಲದ ಹಲಗೆಗೆ ಎಮರಿ ಬಟ್ಟೆಯನ್ನು ಸುತ್ತಿ, ಹಿಂಬದಿಯಲ್ಲಿ ಚಿಕ್ಕ ಮೊಳೆಗಳಿಂದ ಬಿಗಿಯಬೇಕು. 60ನೆಯ ನಂಬರಿನ ಒರಟು ಬಟ್ಟೆಯಿಂದ ಮೊದಲು ಮಾಡಿ, 120ನೆಯ ನಂಬರಿನಿಂದ ಮುಗಿಸಬಹುದು. ಕೊನೆಯ ಹೊಳಪಿಗೆ ತೆಂಗಿನ ನಾರಿನ ಹಿಡಿಕಟ್ಟನ್ನು ಎಣ್ಣೆಯಲ್ಲಿ ಅದ್ದಿ, ಬಟ್ಟೆಯಲ್ಲಿ ಸೋಸಿದ ಇಟ್ಟಿಗೆ ಪುಡಿಯೊಡನೆ ಉಜ್ಜಿದರೆ ಸಾಕು.

4. ಉರುಳಿಸುವ ಡಬ್ಬ

ಹತ್ತಾರು ಬೋಲ್ಟು, ನಟ್ಟು, ಸರಪಳಿ ಕೊಂಡಿಗಳನ್ನು ಒಂದೊಂದಾಗಿ ಉಜ್ಜುವುದು ಕಾಲಹರಣ. ಮುಚ್ಚಳ ಭದ್ರವಾಗಿರುವ ತಗಡಿನ ಡಬ್ಬದಲ್ಲಿ ಇವನ್ನು ಒಣಗಿದ ಒರಟು ಮರಳಿನೊಡನೆ ಅರ್ಧಮಟ್ಟಕ್ಕೆ ತುಂಬಿ, ನೆಲದ ಮೇಲೆ ಕಾಲಿನಿಂದ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತಿದ್ದರೆ ತುಕ್ಕು ತಾನಾಗಿ ಉದುರುವುದು. ಪೂರ್ತಿ ತುಂಬಿದರೆ ಸಾಮಾನುಗಳು ಒಳಗೆ ಹೊರಳಲಾರವು. ಮರಳಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ಬಯಲಿನಲ್ಲಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಧೂಳು ಅಡಗಿದ ಮೇಲೆ ಮುಚ್ಚಳ ತೆರೆಯಬೇಕು. ಕ್ರಿಮಿನಾಶಕ ತುಂಬಿದ್ದ ಡಬ್ಬವನ್ನು ಇದಕ್ಕೆ ಉಪಯೋಗಿಸಲೇಕೂಡದು.

5. ಕಾಕಂಬಿಯ ತೊಟ್ಟಿ

ಕೈಗೆಟುಕದ ಸಂದುಗಳಲ್ಲಿರುವ ತುಕ್ಕಿಗೆ ಕಬ್ಬಿನ ಸೀಮೆಯಲ್ಲಿ ಸುಲಭವಾದ ಉಪಾಯವುಂಟು. ಪ್ಲಾಸ್ಟಿಕ್ ಬಾನಿಯಲ್ಲಿ ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರಸಿ, ಸಾಮಾನನ್ನು ಪೂರ್ಣವಾಗಿ ಮುಳುಗಿಸಿ ಒಂದೆರಡು ವಾರ ಬಿಟ್ಟರೆ ತುಕ್ಕು ಸಡಿಲಿ ಬಿಡುವುದು. ಮಧ್ಯೆ ಮಧ್ಯೆ ತೆಗೆದು ನೋಡುತ್ತಿರಬೇಕು. ತೆಗೆದೊಡನೆ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರದಿದ್ದರೆ ಅದೇ ದಿನ ಹೊಸ ತುಕ್ಕು ಹಿಡಿಯುವುದು. ಅಲ್ಯೂಮಿನಿಯಮ್ ಮತ್ತು ಸತುವಿನ ಸಾಮಾನುಗಳನ್ನು ಇದರಲ್ಲಿ ಹಾಕಬಾರದು. ಸಿಹಿ ವಾಸನೆಗೆ ದನಗಳು ಬಂದು ಕುಡಿಯುವ ಸಂಭವವಿರುವುದರಿಂದ ಬಾನಿಗೆ ಭಾರವಾದ ಮುಚ್ಚಳವಿರಬೇಕು.

ಮುಟ್ಟುಗಳು ಸಲ್ಲದ ಕಡೆ

ಸತುವಿನ ಲೇಪವುಳ್ಳ ಬಕೆಟ್ಟು, ಕೊಳವೆ, ತಗಡುಗಳಿಗೆ ತಂತಿಯ ಕುಂಚವು ಸಲ್ಲದು. ಕಬ್ಬಿಣವನ್ನು ಕಾಯುವ ಲೇಪವೇ ಹೋಗಿಬಿಡುವುದು. ಔಷಧಿ ಸಿಂಪಡಿಸುವ ಯಂತ್ರದ ಹಿತ್ತಾಳೆಯ ಮೂತಿಯು ಕಟ್ಟಿಕೊಂಡರೆ ಅದಕ್ಕೆ ತಂತಿ ಚುಚ್ಚುವುದು ಅನೇಕರ ವಾಡಿಕೆ. ಇದರಿಂದ ರಂಧ್ರವು ದೊಡ್ಡದಾಗಿ, ಅಳತೆ ಮೀರಿ ಔಷಧಿ ಸುರಿದು, ಹಣವೂ ಹೋಗಿ ಬೆಳೆಯೂ ಕೆಡುವುದು. ಕೈಗವಸು ತೊಟ್ಟು, ಮೂತಿಯನ್ನು ಬಿಚ್ಚಿ, ನೀರಿನಲ್ಲಿ ನೆನೆಸಿ ಮೆತ್ತನೆಯ ಹಲ್ಲುಜ್ಜುವ ಕುಂಚದಿಂದ ತೊಳೆಯತಕ್ಕದ್ದು, ಬಾಯಿಂದ ಊದಕೂಡದು.

ಎಚ್ಚರಿಕೆಗಳು

ಕುಂಚದ ತಂತಿಗಳು ಮುರಿದು ಹಾರುವುದರಿಂದ ಕಣ್ಣಿಗೆ ಕನ್ನಡಕ ಅವಶ್ಯ. ಹಳೆಯ ಬಣ್ಣದಲ್ಲಿ ಸೀಸದ ವಿಷವಿರಬಹುದಾದ್ದರಿಂದ ಅದನ್ನು ನೀರಿನಿಂದ ತೋಯಿಸಿಯೇ ಹೆರೆಯಬೇಕು. ಧನುರ್ವಾಯುವಿನ ಅಣುಜೀವಿಗಳು ಇರುವುದು ತುಕ್ಕಿನಲ್ಲಲ್ಲ, ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ. ಬೇಸಾಯದ ಸಾಮಾನುಗಳಿಗೆ ಇವೆರಡೂ ಮೆತ್ತಿರುವುದರಿಂದ, ಗಾಯವಾದರೆ ಸೋಪಿನಿಂದ ತೊಳೆದು, ಆಲಸ್ಯ ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚುಮದ್ದಿನ ವಿಷಯವನ್ನು ವಿಚಾರಿಸಬೇಕು.

ಕೆಲಸದ ಕ್ರಮ

ಮೊದಲು ತೊಳೆದು ಒಣಗಿಸುವುದು, ಬಳಿಕ ಹೆರೆಯುವುದು, ಆಮೇಲೆ ಕುಂಚ, ಅನಂತರ ಹಲಗೆ, ಕೊನೆಗೆ ಎಣ್ಣೆ, ಇದೇ ಕ್ರಮ. ಹರಳೆಣ್ಣೆ ಅಥವಾ ಹೊಂಗೆ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿ, ಸಾಮಾನುಗಳನ್ನು ನೆಲಕ್ಕೆ ತಗಲದಂತೆ ಗೋಡೆಗೆ ತೂಗುಹಾಕತಕ್ಕದ್ದು. ಮೈ ಶುಚಿಯಾದ ಮೇಲೆ ಬಿರುಕುಗಳೂ ಕಣ್ಣಿಗೆ ಬೀಳುವುದರಿಂದ, ಕಮ್ಮಾರನ ಬಳಿಗೆ ಒಯ್ಯಬೇಕಾದ್ದನ್ನು ಬಿತ್ತನೆಯ ಅವಸರಕ್ಕೆ ಮುಂಚೆಯೇ ಬೇರ್ಪಡಿಸಬಹುದು.

ಆಯುಧಪೂಜೆಯ ದಿನ ಮುಟ್ಟುಗಳನ್ನು ತೊಳೆದು ಪೂಜಿಸುವ ಪದ್ಧತಿಯು ನಮ್ಮ ನಾಡಿನಲ್ಲಿ ಮನೆಮನೆಯಲ್ಲಿಯೂ ಉಂಟು. ವರ್ಷಕ್ಕೆ ಒಂದು ದಿನ ಸಲ್ಲಿಸುವ ಈ ಮರ್ಯಾದೆಯನ್ನು ಪ್ರತಿ ಬೆಳೆಯ ಕೊನೆಗೂ ಸಲ್ಲಿಸಿದಲ್ಲಿ, ತಂದೆ ಹಿಡಿದ ಗುದ್ದಲಿಯು ಮಗನ ಕೈಗೂ ಕೆಲಸಕ್ಕೆ ಬರುವುದು.