ಗಿಡದ ಮಾತ್ರೆಯೂ ಔಷಧವೇ

ಪ್ರಶ್ನೆ: ನಮ್ಮ ಅತ್ತೆಗೆ 58 ವರ್ಷ. ಮಾವ ತೀರಿಕೊಂಡ ಮೇಲೆ ಖಿನ್ನತೆಗೆ ಒಳಗಾದರು. ವೈದ್ಯರು ಕೊಟ್ಟ ಸರ್ಟ್ರಲಿನ್ ಗುಳಿಗೆಯಿಂದ ಈಗ ಊಟ, ನಿದ್ದೆ ಸುಧಾರಿಸಿದೆ. ಜರ್ಮನಿಯಿಂದ ಬಂದ ಮೈದುನ ಸೇಂಟ್ ಜಾನ್ಸ್ ವರ್ಟ್ ಮಾತ್ರೆ ತಂದಿದ್ದಾನೆ. 'ಅಮ್ಮಾ, ಇದು ಗಿಡದ್ದು, ಇದನ್ನೂ ತಗೋ' ಎನ್ನುತ್ತಾನೆ. ಪಕ್ಕದ ಮನೆಯವರು ಒಂದೆಲಗವೇ ಸಾಕು ಎನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ಶಿರಸಿ

ಉತ್ತರ: ಸರ್ಟ್ರಲಿನ್, ಸೇಂಟ್ ಜಾನ್ಸ್ ವರ್ಟ್ ಎರಡನ್ನೂ ಒಟ್ಟಿಗೆ ಕೊಡಲೇಬೇಡಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಮೈದುನ ತಂದದ್ದು ಬರೀ ನಂಬಿಕೆಯ ಮದ್ದಲ್ಲ. ಖಿನ್ನತೆಗೆ ಇಷ್ಟು ಪರೀಕ್ಷೆಗೊಳಗಾದ ಗಿಡಗಳು ಕಡಿಮೆ. 2008ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ 29 ಪರೀಕ್ಷೆಗಳನ್ನು, ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಔಷಧವಿಲ್ಲದ ಹುಸಿ ಮಾತ್ರೆಗಿಂತ ಈ ಗಿಡ ಮೇಲೆಂದೂ, ಮಾಮೂಲಿ ಗುಳಿಗೆಗಳಿಗೆ ಹೆಚ್ಚುಕಡಿಮೆ ಸಮವೆಂದೂ ಕಂಡಿತು. ಆದರೆ ಜರ್ಮನ್ ಭಾಷಿಕ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲೇ ಫಲಿತಾಂಶ ಹೆಚ್ಚು ಚೆನ್ನಾಗಿತ್ತು. ಇದು ಯೋಚಿಸಬೇಕಾದ ವಿಷಯ. ಅಮೆರಿಕದಲ್ಲಿ 340 ರೋಗಿಗಳಲ್ಲಿ ಕೆಲವರಿಗೆ ಈ ಗಿಡ, ಕೆಲವರಿಗೆ ಸರ್ಟ್ರಲಿನ್, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದ್ದರು. 2002ರಲ್ಲಿ ಬಂದ ಆ ಫಲಿತಾಂಶದ ಮುಖ್ಯ ಅಳತೆಯಲ್ಲಿ ಗಿಡವೂ ಗೆಲ್ಲಲಿಲ್ಲ, ಸರ್ಟ್ರಲಿನ್ನೂ ಗೆಲ್ಲಲಿಲ್ಲ. ಖಿನ್ನತೆಯಲ್ಲಿ ಹುಸಿ ಮಾತ್ರೆ ನುಂಗಿದವರೂ ಸಾಕಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಒಂದೇ ಪರೀಕ್ಷೆ ನೋಡಿ ತೀರ್ಮಾನ ಹೇಳಲಾಗದಿರುವುದು ಅದಕ್ಕೇ. ಸರ್ಟ್ರಲಿನ್‌ಗೆ ಬೇರೆ ಅನೇಕ ಪರೀಕ್ಷೆಗಳ ಬೆಂಬಲವಿದೆ.

ಒಂದೆಲಗದ ಕಥೆ ಬೇರೆ. ಇಲಿಯನ್ನು ನೀರಿಗೆ ಬಿಟ್ಟು, ಅದು ಎಷ್ಟು ಹೊತ್ತು ಈಜಾಡದೆ ಸುಮ್ಮನೆ ತೇಲುತ್ತದೆ ಎಂದು ಅಳೆಯುವ ಪರೀಕ್ಷೆಯಲ್ಲಿ ಅದರ ಸಾರ ಗುಣ ತೋರಿಸಿದೆ. ಗಂಡನನ್ನು ಕಳೆದುಕೊಂಡ ಹೆಂಗಸಿನ ಮನಸ್ಸಿಗೂ ಅದು ಅನ್ವಯಿಸುತ್ತದೆ ಎನ್ನಲು ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆ ಬೇಕು. ಊಟದಲ್ಲಿ ತಂಬುಳಿ ಮಾಡಿ ಬಡಿಸಿ, ನನ್ನ ಅಡ್ಡಿಯಿಲ್ಲ. ಗುಳಿಗೆ ನಿಲ್ಲಿಸಿ ಅದರ ಜಾಗದಲ್ಲಿ ತಂಬುಳಿ ಬೇಡ.

ಇನ್ನು, ಒಟ್ಟಿಗೆ ಏಕೆ ಬೇಡ ಎಂದರೆ, ಸೇಂಟ್ ಜಾನ್ಸ್ ವರ್ಟ್ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ, ಸರ್ಟ್ರಲಿನ್ನೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಸೆರೊಟೋನಿನ್ ಅಪಾಯದ ಮಟ್ಟಕ್ಕೆ ಏರಬಹುದು. ಅಷ್ಟೇ ಅಲ್ಲ, ಈ ಗಿಡ ಪಿತ್ತಜನಕಾಂಗವನ್ನು ಚುರುಕುಗೊಳಿಸಿ ಬೇರೆ ಔಷಧಗಳನ್ನು ಬೇಗ ಕರಗಿಸಿಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಕಿಡ್ನಿ ಕಸಿಯಾದವರ ಸೈಕ್ಲೋಸ್ಪೋರಿನ್ ಎಲ್ಲದರ ಬಲ ಕುಗ್ಗುತ್ತದೆ.

ಅತ್ತೆಯವರಿಗೆ ಈಗಿನ ಗುಳಿಗೆ ಹಿಡಿಸಿದೆ, ಅದನ್ನೇ ಮುಂದುವರಿಸಿ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ತೆಗೆದುಕೊಳ್ಳಬೇಕಾಗುತ್ತದೆ. ಏಕಾಏಕಿ ಬಿಟ್ಟರೆ ತಲೆಸುತ್ತು, ಚಡಪಡಿಕೆ, ಖಿನ್ನತೆ ಮರುಕಳಿಸುವ ಭಯ. ಮೈದುನನಿಗೆ ಬೇಸರವಾಗದಂತೆ, ಆ ಡಬ್ಬಿಯನ್ನು ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ ವೈದ್ಯರಿಗೇ ತೋರಿಸೋಣ ಎನ್ನಿ. ಅತ್ತೆಯವರು ಈಗಾಗಲೇ ಅದನ್ನು ನುಂಗಿದ್ದು, ನಡುಕ, ವಿಪರೀತ ಬೆವರು, ಜ್ವರ, ಗೊಂದಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಮನಸ್ಸು ಕುಸಿದು ಮಾತಾಡಲು ಯಾರಾದರೂ ಬೇಕೆನಿಸಿದರೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.