ಯಾರ ಕೈಗೂ ಕೊಡದ ಫೋನು

ತ್ಯಾವಣಿಗೆ
ಭಾನುವಾರ ರಾತ್ರಿ

ಪುಟ್ಟಿ, ಭದ್ರಾ ನಾಲೆಯ ನೀರಿನಲ್ಲಿ ನಾಟಿ ಮುಗಿದು ಗದ್ದೆ ಹಸಿರಾಗಿದೆ. ಮೊದಲ ಕೊಯ್ಲಿನ ಅಡಿಕೆ ಅಂಗಳಕ್ಕೆ ಬಂದಿದೆ. ನಿಮ್ಮಜ್ಜಿಯ ಮಂಡಿನೋವು ಮಾತ್ರ ಇದ್ದಲ್ಲೇ ಇದೆ.

ಮೊದಲಿಗೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಗೌರಿ ಹಬ್ಬಕ್ಕೆ ಬಂದಾಗ ನೀನು ಮಾಡುತ್ತಿರುವ ಕೂಲಿ ಲೆಕ್ಕದ ಆ್ಯಪನ್ನು ನನ್ನ ಫೋನಿಗೆ ಹಾಕಿ, ಹತ್ತು ನಿಮಿಷ ಪಕ್ಕದಲ್ಲಿ ಕೂತು, 'ಹೆಂಗೈತೆ ಅಜ್ಜಾ?' ಅಂತ ಕೇಳಿದೆಯಲ್ಲ, ನಾನು 'ಭಾಳ ಚೆನ್ನಾಗೈತೆ' ಅಂದೆ. ಅದು ಸುಳ್ಳು. ಮೂರನೆಯ ಪರದೆ ದಾಟಿದ ಮೇಲೆ ಏನು ನಡೆಯಿತೋ ನನಗೆ ಗೊತ್ತಾಗಲಿಲ್ಲ. ನಾನು ತಡವರಿಸಿದಾಗಲೆಲ್ಲ ನಿನ್ನ ಬೆರಳೇ ಬಂದು ಒತ್ತಿ ಹೋಗುತ್ತಿತ್ತು. 'ಇಲ್ಲಿ ಒತ್ತಜ್ಜ, ಹಾಂ, ಈಗ ಮೇಲಕ್ಕೆ ಸರಿಸು' ಅಂತ ನೀನೇ ಹೇಳುತ್ತಿದ್ದೆ. ಆ ಪರೀಕ್ಷೆ ಬರೆದದ್ದೂ ನೀನೆ, ಪಾಸಾದದ್ದೂ ನೀನೆ. ಮೊಮ್ಮಗಳು ನಿದ್ದೆಗೆಟ್ಟು ಮಾಡಿದ ಕೆಲಸವನ್ನು ಚೆನ್ನಾಗಿಲ್ಲ ಅನ್ನಲು ಯಾವ ಅಜ್ಜನಿಗೆ ಬಾಯಿ ಬರುತ್ತದೆ ಹೇಳು? ಕೇಳಬಾರದವರನ್ನು ಕೇಳಿದೆ.

ವಸ್ತುಗಳ ವಿನ್ಯಾಸದ ಬಗ್ಗೆ ಡೊನಾಲ್ಡ್ ನಾರ್ಮನ್ ಬರೆದ, ನೀನು ಬಿಟ್ಟುಹೋದ ಪುಸ್ತಕವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಅರ್ಧ ಓದಿದೆ. 1988ರ ಪುಸ್ತಕ, ಆಗ ನಮ್ಮೂರಿಗೆ ಫೋನೇ ಅಪರೂಪ. ಬಾಗಿಲು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಿಂತವನು ದಡ್ಡನಲ್ಲ, ಎಡವಟ್ಟು ಆ ಬಾಗಿಲು ಮಾಡಿದವನದು ಅನ್ನುತ್ತಾನಲ್ಲ, ಆ ಮಾತು ಹಿಡಿಸಿತು. ಇನ್ನೊಬ್ಬ, ನೀಲ್ಸನ್, ಮಾಡಿದ್ದನ್ನು ಐದು ಜನರ ಕೈಗೆ ಕೊಟ್ಟು ನೋಡಿದರೆ ಬಹುಪಾಲು ತೊಡಕುಗಳು ಹೊರಗೆ ಬೀಳುತ್ತವೆ ಎಂದು 2000ದಲ್ಲೇ ಬರೆದನಂತೆ; ನೀನೇ ಹೇಳಿದ್ದು. ಐದೇ ಸಾಕು, ಒಪ್ಪಿದೆ. ಆದರೆ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಸಿಕ್ಕ ಐವರೋ, ನಮ್ಮ ಅಂಗಳದಲ್ಲಿ ಕೂತ ಐವರೋ?

ನಾನು ಮೂವತ್ತು ಚಿಲ್ಲರೆ ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತವನು. ಮನಿಯಾರ್ಡರ್ ಫಾರಂ ಕೊಟ್ಟರೆ ಎದುರಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದಲ್ಲಿ ಪೆನ್ನು ಇಟ್ಟುಕೊಂಡವರ ಕೈಗೆ ದಾಟಿಸುತ್ತಿದ್ದರು. ದಾಟಿಸಿದ ಗಳಿಗೆಯಿಂದ ಆ ಮನೆಯ ಗುಟ್ಟು ಊರಿನದು. ಯಾರಿಗೆ ಎಷ್ಟು, ಯಾಕೆ, ಕೆಳಗಿನ ಕೂಪನ್ನಿನಲ್ಲಿ ಬರೆಸಿದ ಎರಡು ಸಾಲು, ಎಲ್ಲಾ. ಹಣ ಪಡೆಯುವವರು ಹೆಬ್ಬೆಟ್ಟು ಒತ್ತಿದರೆ ಸಾಕ್ಷಿಯ ಸಹಿ ಬೇಕು ಅನ್ನುವ ನಿಯಮವಾದರೂ ಇತ್ತು. ಇವತ್ತು ಹೆಬ್ಬೆಟ್ಟಿನ ಜಾಗಕ್ಕೆ ಒಟಿಪಿ ಬಂದಿದೆ, ಸಾಕ್ಷಿ ಇಲ್ಲ. ಸರ್ಕಾರಿ ಸೇವೆಗಳನ್ನು ಊರಲ್ಲೇ ಕೊಡುವ ಗ್ರಾಮ ಒನ್ ಕೇಂದ್ರಗಳು 2020ರಲ್ಲಿ ಮೊದಲು ಶುರುವಾದದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ತಾಲ್ಲೂಕು ಕಚೇರಿಗೆ ಅಲೆಯುವುದು ತಪ್ಪಿತು, ದೊಡ್ಡ ಉಪಕಾರ. ಆದರೆ ಇಂಥ ಯಾವ ಕೇಂದ್ರದ ಮುಂದೆ ಬೇಕಾದರೂ ಅರ್ಧ ಗಂಟೆ ನಿಂತು ನೋಡು: ಜನ ಫೋನನ್ನು ಚಾಚಿ, ಬಂದ ಆರಂಕಿಯನ್ನು ಬೀದಿಗೆ ಕೇಳುವಂತೆ ಕೂಗಿ ಹೇಳುತ್ತಾರೆ.

ಅದಕ್ಕೇ ನಿನ್ನ ಕೆಲಸಕ್ಕೆ ನನ್ನದೊಂದು ಅಳತೆಗೋಲು. ಎಷ್ಟು ಸೆಕೆಂಡಿಗೆ ಮುಗಿಸಿದರು, ಎಷ್ಟು ಸಲ ತಪ್ಪು ಒತ್ತಿದರು ಅಂತ ನೀವು ಗೆರೆ ಎಳೆಯುತ್ತೀರಂತೆ, ಎಳೆಯಿರಿ. ಅದರ ಜೊತೆಗೆ, ಯಾವ ಪರದೆಯಲ್ಲಿ ಫೋನು ಅವರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಅಂತ ಬರೆದುಕೋ. 'ನಂಗೆ ಇದೆಲ್ಲ ಗೊತ್ತಾಗಲ್ಲ, ನೀನೇ ಮಾಡಿಕೊಡಪ್ಪ' ಅನ್ನುವ ಮಾತು ಎಲ್ಲಿ ಬಂತೋ ಅಲ್ಲಿ ನಿನ್ನ ಬಾಗಿಲು ಕೆಟ್ಟಿದೆ.

ಮೊನ್ನೆ ಸಂಜೆ ನಡೆದದ್ದು ಹೇಳುತ್ತೇನೆ. ಸುಲಿಯುವ ಯಂತ್ರ ಬಂದ ಮೇಲೂ ಒಂದಷ್ಟು ಹಸಿ ಅಡಿಕೆಯನ್ನು ನಮ್ಮಲ್ಲಿ ಕೈಯಲ್ಲೇ ಸುಲಿಯುತ್ತಾರೆ. ಎಂಟು ಹೆಂಗಸರು ಕತ್ತಿ ಮೆಟ್ಟಿಕೊಂಡು ಕೂತಿದ್ದರು. ಒಬ್ಬಾಕೆ ಮಗನಿಗೆ ಫೋನಿನಲ್ಲಿ ದುಡ್ಡು ಕಳಿಸಬೇಕಿತ್ತು. ಅಡಿಕೆಯ ಚೊಗರಿನಿಂದ ಕಪ್ಪಿಟ್ಟ ಹೆಬ್ಬೆರಳು, ತುದಿಯಲ್ಲಿ ಹಳೇ ಚಪ್ಪಲಿಯಂಥ ಗಟ್ಟಿ ಚರ್ಮ. ಒತ್ತಿದಳು, ಏನೂ ಆಗಲಿಲ್ಲ. ಸೆರಗಿಗೆ ಒರೆಸಿ ಇನ್ನೂ ಜೋರಾಗಿ ಒತ್ತಿದಳು. ಗಾಜಿಗೆ ಬೇಕಾದದ್ದು ಒತ್ತಡವಲ್ಲ, ಚರ್ಮದಿಂದ ಹರಿಯುವ ಒಂದಿಷ್ಟು ವಿದ್ಯುತ್ತಿನ ಸುಳಿವು. ಒಣಗಿ ಜಡ್ಡುಗಟ್ಟಿದ ಬೆರಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಒದ್ದೆ ಬೆರಳೋ ಇಲ್ಲದ ಕಡೆಯೂ ಇದ್ದಂತೆ ಕಾಣುತ್ತದೆ. ಅವಳಿಗೆ ಅದೆಲ್ಲ ಯಾಕೆ? ಕೊನೆಗೆ ಕಿರುಬೆರಳ ಗೆಣ್ಣಿನಿಂದ ಒತ್ತಿದಳು, ಹೋಯಿತು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಗೆಣ್ಣಿನಿಂದ ಒತ್ತುವ ಉಪಾಯವನ್ನು ಅವಳು ಎಷ್ಟು ಸಲ ಸೋತು ಕಲಿತಿರಬೇಕು! ಆಂಡ್ರಾಯ್ಡಿನಲ್ಲಿ ಗುಂಡಿ 48 ಡಿಪಿಗಿಂತ ಚಿಕ್ಕದಿರಬಾರದು, ಅಂದರೆ ಸುಮಾರು 9 ಮಿಲಿಮೀಟರ್ ಅಂದೆಯಲ್ಲ. ಅದು ಒಂದು ದಪ್ಪ ಕಡ್ಲೆಕಾಳಿನ ಅಗಲ. ಆ ಹೆಬ್ಬೆರಳಿನ ಪಕ್ಕ ಕಡ್ಲೆಕಾಳು ಇಟ್ಟು ನೋಡಿದೆ. ನೀನೂ ಬಂದು ನೋಡು.

ಇನ್ನು ಹೊಲ. 2020ರ ಮುಂಗಾರಿನಲ್ಲಿ ಸರ್ಕಾರ ಬೆಳೆ ಸಮೀಕ್ಷೆಯ ಆ್ಯಪನ್ನು ರೈತರ ಕೈಗೇ ಕೊಟ್ಟಿತಲ್ಲ, ಅದರಿಂದ ನಾನು ಎರಡು ವಿಷಯ ಕಲಿತೆ. ಊರಿನ ನಕ್ಷೆ ಇಳಿಸಿಕೊಂಡು, ಸರ್ವೆ ನಂಬರು ಆರಿಸಿ, ಆ ತಾಕಿನ ಒಳಗೇ ನಿಂತು ಬೆಳೆಯ ಹೆಸರು ಹಾಕಿ ಫೋಟೊ ತೆಗೆಯಬೇಕು. ಎಲ್ಲಿ ನಿಂತಿದ್ದೀಯ ಎಂದು ಜಿಪಿಎಸ್ ನೋಡುತ್ತದೆ. ಮೊದಲನೆಯದು ಅಳತೆ. ವಿಸ್ತೀರ್ಣ ಎಕರೆ, ಗುಂಟೆಯಲ್ಲಿ. ಹೆಕ್ಟೇರ್ ಅಂದಿದ್ದರೆ ಅರ್ಧ ಊರು ಅಲ್ಲೇ ಫೋನು ದಾಟಿಸುತ್ತಿತ್ತು. ನಾವು ಆಡುವ ಲೆಕ್ಕದಲ್ಲೇ ಕೇಳಿದ್ದು ಬುದ್ಧಿವಂತಿಕೆ. ಎರಡನೆಯದು ಬಿಸಿಲು. ಮಧ್ಯಾಹ್ನ ಹನ್ನೆರಡಕ್ಕೆ ಬದುವಿನ ಮೇಲೆ ನಿಂತರೆ ಯಾವ ಫೋನಿನ ಪರದೆಯೂ ಕನ್ನಡಿಯೇ. ತಲೆಯ ಟವೆಲ್ಲನ್ನು ಫೋನಿನ ಮೇಲೆ ಮುಸುಕು ಹಾಕಿಕೊಂಡು ಹಳೇ ಫೋಟೊಗ್ರಾಫರ್ ಹಾಗೆ ಬಗ್ಗಿ ನೋಡಬೇಕು. ನಿನ್ನ ತಿಳಿಬೂದು ಅಕ್ಷರಗಳು ಟ್ಯೂಬ್‌ಲೈಟಿನಲ್ಲಿ ಬಲು ಸೊಗಸು. ಬದುವಿನ ಮೇಲೆ ಅವು ಇಲ್ಲವೇ ಇಲ್ಲ.

ಕನ್ನಡದ ವಿಷಯಕ್ಕೆ ಸ್ವಲ್ಪ ಜಗಳವಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕೊರೆದ ಚೌಕದೊಳಗೆ ನೀವು ಕನ್ನಡ ತುರುಕಿದ್ದೀರಿ. ನಮ್ಮ ಅಕ್ಷರಕ್ಕೆ ಕೆಳಗೊಂದು ಒತ್ತು, ಕೆಲವೊಮ್ಮೆ ಇನ್ನೊಂದು. 'ವಿಸ್ತೀರ್ಣ'ದ ಒತ್ತಿನ ಕಾಲು ಕತ್ತರಿಸಿಹೋಗಿ ಅದೇನು ಪದ ಅಂತ ನಿಮ್ಮಜ್ಜಿ ನನ್ನನ್ನು ಕೇಳಿದಳು. 'ಅಮಾನ್ಯ ನಮೂದು' ಅಂತ ಕೆಂಪಕ್ಷರದಲ್ಲಿ ಬೈಯುತ್ತದೆ ನಿನ್ನ ಆ್ಯಪು. ಯಾರ ಮನೆಯ ಮಾತದು? 'ಫೋನ್ ನಂಬರಿನಲ್ಲಿ ಒಂದು ಅಂಕಿ ಕಮ್ಮಿ ಇದೆ' ಅಂದರೆ ಯಾರಿಗಾದರೂ ತಿಳಿಯುತ್ತದೆ. 'ಸಬ್ಮಿಟ್' ಎಲ್ಲರಿಗೂ ಗೊತ್ತು, ಅದನ್ನು ಹಾಗೇ ಬಿಡು. ನೀನು ಹೋದ ಮೇಲೆ ಮತ್ತೆ ಒಬ್ಬನೇ ಕೂತಾಗ ನನ್ನನ್ನು ಮೂರನೆಯ ಪರದೆಯಲ್ಲಿ ನಿಲ್ಲಿಸಿದ್ದು 'ಕೊನೆಯ ಹೆಸರು' ಅನ್ನುವ ಚೌಕ. ನನಗೆ ಮೊದಲ ಹೆಸರೇ ಕೊನೆಯ ಹೆಸರು. ಮುಂದೊಂದು ಊರಿನ ಅಕ್ಷರ, ಇನ್ನೊಂದು ಅಪ್ಪನ ಅಕ್ಷರ, ಅಷ್ಟೇ. ಖಾಲಿ ಬಿಟ್ಟರೆ ಮುಂದಕ್ಕೆ ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಹೊಸದೊಂದು ಕೊನೆಯ ಹೆಸರನ್ನು ಎಲ್ಲಿಂದ ತರಲಿ?

ಬರೆಯುವುದನ್ನು ಆದಷ್ಟೂ ತಪ್ಪಿಸು. ಉಚ್ಚಾರದ ಕ್ರಮದಲ್ಲೇ ಕನ್ನಡ ಬೆರಳಚ್ಚು ಮಾಡುವ ಕೀಲಿಮಣೆಯನ್ನು ಕೆ.ಪಿ. ರಾವ್ ಕೊಟ್ಟದ್ದರಿಂದ ನನ್ನಂಥವನು ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುವುದನ್ನು ಕಲಿತ. ಫೋನಿನ ಚಿಕ್ಕ ಗುಂಡಿಗಳಲ್ಲಿ ಅದೂ ಕಷ್ಟ. 2017ರಲ್ಲಿ ಗೂಗಲ್ಲಿನ ಮಾತಿನ ಬರವಣಿಗೆಗೆ ಕನ್ನಡ ಸೇರಿದ ಮೇಲೆ ನಮ್ಮಲ್ಲಿ ಅನೇಕರು ಬೆರಳು ಬಿಟ್ಟು ಬಾಯಿಯನ್ನೇ ನೆಚ್ಚಿದ್ದಾರೆ. ಆದರೆ ಒಂದು ಎಚ್ಚರ: ಸುಲಿಯುವ ಮನೆಯಲ್ಲಿ ಕೂಲಿಯ ಮೊತ್ತವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಂಕಿಗೆ ಬೆರಳೇ ಇರಲಿ.

ಇನ್ನು ಮೋಸದ ಮಾತು. ಜನ ಮೋಸ ಹೋದಾಗ 'ಓದು ಬರಹ ಇಲ್ಲದವರು' ಅನ್ನುವುದು ಸುಲಭ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ. ಆದರೂ ಯಾರೋ 'ದುಡ್ಡು ಕಳಿಸಿದ್ದೀನಿ, ಪಿನ್ ಹಾಕಿ' ಅಂದರೆ, ನಿಜಕ್ಕೂ ದುಡ್ಡು ಕೇಳುವ ಕೋರಿಕೆಯಾಗಿದ್ದ ಆ ಪರದೆಯೂ ಪಿನ್ನನ್ನೇ ಕೇಳುತ್ತಿತ್ತು. ಡಿಗ್ರಿ ಮಾಡಿದವರೂ ಹಾಕಿ ಕೆಟ್ಟರು. ಎಚ್ಚರಿಕೆಯ ಮಾತು ವರ್ಷಗಟ್ಟಲೆ ಹೇಳಿದ್ದಾಯಿತು. ಕೊನೆಗೆ 2025ರ ಅಕ್ಟೋಬರ್ 1ರಿಂದ ಒಬ್ಬರು ಇನ್ನೊಬ್ಬರನ್ನು ಹೀಗೆ ಹಣ ಕೇಳುವ ದಾರಿಯನ್ನೇ ಯುಪಿಐ ನಡೆಸುವ ಎನ್‌ಪಿಸಿಐ ಮುಚ್ಚಿತು. ಜನರನ್ನು ತಿದ್ದಲು ಹೋಗಿ ಆಗದೆ, ಬಾಗಿಲನ್ನು ತಿದ್ದಿದರು.

ಸಾಕು, ಕರೆಂಟು ಹೋಗುವ ಹೊತ್ತಾಯಿತು. ದೀಪಾವಳಿಗೆ ಎರಡು ದಿನ ಮುಂಚೆಯೇ ಬಾ. ಸುಲಿಯುವವರ ಜೊತೆ ಕೂರಿಸುತ್ತೇನೆ. ನೀನು ಆ್ಯಪು ಮಾಡಿದವಳು ಅಂತ ಹೇಳಕೂಡದು, ಹೇಳಿದರೆ ಎಲ್ಲರೂ ನನ್ನ ಹಾಗೆ ಚೆನ್ನಾಗೈತೆ ಅಂದುಬಿಡುತ್ತಾರೆ. ಬಾಯಿಗೆ ಬೀಗ, ಕೈ ಹಿಂದಕ್ಕೆ. ಬೇಕಾದರೆ ಒಂದು ಕತ್ತಿ ಕೊಡುತ್ತೇನೆ, ಸುಲಿಯುತ್ತಾ ನೋಡು. ನಿನ್ನ ಬೆರಳಿಗೂ ಚೊಗರು ಹತ್ತಲಿ, ಬೆಂಗಳೂರಿಗೆ ಹೋದ ಮೇಲೂ ಒಂದು ವಾರ ಬಿಡುವುದಿಲ್ಲ ಅದು.

ನಿನ್ನ ಆ್ಯಪು ನನ್ನ ಫೋನಿನಲ್ಲಿ ಇನ್ನೂ ಆ ಕೊನೆಯ ಹೆಸರಿನ ಚೌಕದಲ್ಲೇ ನಿಂತಿದೆ. ಎದುರುಮನೆಯ ಹುಡುಗ 'ಕೊಡಜ್ಜ, ಒಂದು ನಿಮಿಷದಾಗೆ ಮಾಡ್ತೀನಿ' ಅಂತ ಎರಡು ಸಲ ಕೈ ಚಾಚಿದ. ಕೊಟ್ಟಿಲ್ಲ.

ಇತಿ,
ನಿಮ್ಮಜ್ಜ