ಮನೆಯ ಕತ್ತಲೆಕೋಣೆ: ಫಿಲ್ಮ್ ತೊಳೆಯುವಾಗ ಆಗುವ ತಪ್ಪುಗಳೂ ಅವುಗಳ ಪರಿಹಾರವೂ

ಬೀದರಿನವರಾದ ನಮಗೆ ಬೆಳ್ಳಿಯೂ ಕಪ್ಪೂ ಹೊಸವಲ್ಲ. ಬಿದರಿ ಕೆಲಸದವರು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂಡಿಸಿ, ಕೊನೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿದ ಲೇಪವನ್ನು ಬೆಚ್ಚಗಿರುವ ಪಾತ್ರೆಗೆ ತಿಕ್ಕುವುದನ್ನು ನಮ್ಮಲ್ಲಿ ಅನೇಕರು ಬಾಲ್ಯದಿಂದ ಕಂಡವರು. ಪಾತ್ರೆಯು ಕಪ್ಪಾಗುವುದು, ಬೆಳ್ಳಿಯು ಮಾತ್ರ ಬೆಳ್ಳಗೆ ಉಳಿಯುವುದು. ಛಾಯಾಚಿತ್ರದ ಕಪ್ಪುಬಿಳುಪು ಫಿಲ್ಮಿನಲ್ಲಿಯೂ ಇರುವುದು ಬೆಳ್ಳಿಯೇ. ಆದರೆ ಅಲ್ಲಿನ ನಿಯಮವು ಬೇರೆ. ಬೆಳಕು ತಾಗಿದ ಕಡೆಯ ಬೆಳ್ಳಿಯ ಲವಣವು ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗಿ ನಿಲ್ಲುವುದು. ಬೆಳಕು ತಾಗದ ಕಡೆಯ ಲವಣವು ಫಿಕ್ಸರಿನಲ್ಲಿ ಕರಗಿ ಹೋಗುವುದು. ಬಿದರಿಯ ಪಾತ್ರೆಗೆ ಕಪ್ಪು ಸರಿಯಾಗಿ ಹಿಡಿಯದಿದ್ದರೆ ಮತ್ತೊಮ್ಮೆ ತಿಕ್ಕಬಹುದು. ಫಿಲ್ಮಿಗಾದರೋ ಎರಡನೆಯ ಸಲವೆಂಬುದಿಲ್ಲ. ಆದಕಾರಣ ಮನೆಯಲ್ಲಿ ಫಿಲ್ಮ್ ತೊಳೆಯಬೇಕೆನ್ನುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಅಂಥ ಆಸೆಯುಳ್ಳ ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಉಪಯೋಗವಾಗಲೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಈ ವಿದ್ಯೆಯು ಹೆಂಗಸರಿಗೆ ತಕ್ಕುದಲ್ಲವೆಂದು ಯಾರೂ ಹೇಳಲಾರರು. ನಮ್ಮ ಸೀಮೆಯು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ೧೮೯೨ರಷ್ಟು ಹಿಂದೆಯೇ ಲಾಲಾ ದೀನ್ ದಯಾಳರು ಸ್ತ್ರೀಯರ ಚಿತ್ರಗಳಿಗಾಗಿ ಪ್ರತ್ಯೇಕವಾದ ಜನಾನಾ ಸ್ಟುಡಿಯೊವನ್ನು ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ಕೈಗೆ ಒಪ್ಪಿಸಿದ್ದರು. ೧೯೧೩ರಲ್ಲಿ ಜನಿಸಿದ ಹೋಮಾಯಿ ವ್ಯಾರಾವಾಲಾ ಅವರು ೧೯೪೭ರ ಸ್ವಾತಂತ್ರ್ಯೋದಯದ ದೃಶ್ಯಗಳನ್ನು ಚಿತ್ರಿಸಿ, ಭಾರತದ ಪ್ರಥಮ ಪತ್ರಿಕಾ ಛಾಯಾಗ್ರಾಹಕಿಯೆಂಬ ಹೆಸರನ್ನು ಪಡೆದರು. ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವುದರಿಂದ ಫಿಲ್ಮಿನ ಬಳಕೆ ಬಹಳ ಕಡಿಮೆಯಾಗಿದೆ. ಉದಕಮಂಡಲದಲ್ಲಿ ‘ಇಂದು’ ಫಿಲ್ಮನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿಹೋಗಿದೆ. ಹಾಗಿದ್ದರೂ ಅಜ್ಜನ ಕ್ಯಾಮರಾವನ್ನು ಪೆಟ್ಟಿಗೆಯಿಂದ ತೆಗೆದು ಒರಸಿ, ಪರದೇಶದ ಫಿಲ್ಮನ್ನು ತರಿಸಿ ಹಾಕುವ ತರುಣಿಯರು ಅಲ್ಲಲ್ಲಿ ಕಾಣುತ್ತಿದ್ದಾರೆ. ತೊಳೆದುಕೊಡುವ ಅಂಗಡಿಗಳು ವಿರಳವಾಗಿರುವುದರಿಂದ ಅವರು ಈ ಕೆಲಸವನ್ನು ತಾವೇ ಕಲಿಯುವುದು ಒಳ್ಳೆಯದು.

ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇವೆ. ಔರಾದಿನಲ್ಲಿದ್ದ ನಮ್ಮ ದೊಡ್ಡಮ್ಮನವರ ಚಿತ್ರಗಳನ್ನು ಒಂದು ರಜೆಯಲ್ಲಿ ತೆಗೆದಿದ್ದೆವು. ಅವರು ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದುದು, ಬಾಗಿಲಲ್ಲಿ ನಿಂತು ನಮ್ಮನ್ನು ಕಳುಹಿಸಿಕೊಟ್ಟುದು, ಎಲ್ಲವೂ ಆ ಒಂದೇ ಸುರುಳಿಯಲ್ಲಿದ್ದವು. ಬೀದರಿಗೆ ಬಂದ ರಾತ್ರಿಯೇ ಆತುರಪಟ್ಟು ತೊಳೆಯಲು ಕುಳಿತೆವು. ಒಂದೇ ಬಗೆಯ ಎರಡು ಬಾಟಲಿಗಳು; ಹೆಸರು ಬರೆದ ಚೀಟಿಯಿಲ್ಲ. ಡೆವಲಪರೆಂದು ಮೊದಲು ಹೊಯ್ದದ್ದು ಫಿಕ್ಸರಾಗಿತ್ತು. ಡಬ್ಬಿಯಿಂದ ಹೊರಬಂದ ಫಿಲ್ಮು ಗಾಜಿನಂತೆ ತಿಳಿಯಾಗಿತ್ತು. ಮುಂದಿನ ರಜೆಗೆ ಮತ್ತೆ ತೆಗೆದರಾಯಿತೆಂದುಕೊಂಡೆವು. ಆ ರಜೆ ಬರುವುದರೊಳಗಾಗಿ ದೊಡ್ಡಮ್ಮನವರು ತೀರಿಕೊಂಡರು. ಒಂದು ಚೀಟಿಯನ್ನು ಅಂಟಿಸಲು ಬೇಡವಾದ ಅರ್ಧ ನಿಮಿಷಕ್ಕೆ ನಾವು ತೆತ್ತ ಬೆಲೆ ಇದು. ಅಂದಿನಿಂದ ನಮಗೆ ದೃಢವಾದ ಸಂಗತಿಯೇನೆಂದರೆ, ಕತ್ತಲೆಕೋಣೆಯ ತಪ್ಪುಗಳಲ್ಲಿ ಹೆಚ್ಚಿನವು ಕತ್ತಲೆಯಿಂದ ಆಗತಕ್ಕವುಗಳಲ್ಲ. ದೀಪವಾರುವುದಕ್ಕೆ ಮುಂಚೆ ಬೆಳಕಿನಲ್ಲಿ ಮಾಡದೆ ಬಿಟ್ಟ ಕೆಲಸಗಳಿಂದ ಆಗತಕ್ಕವುಗಳು.

ಬೆಳಕಿನಲ್ಲಿ ಮಾಡತಕ್ಕ ಕೆಲಸ

ಪ್ರತಿಯೊಂದು ಬಾಟಲಿಯ ಮೇಲೆಯೂ ದ್ರಾವಣದ ಹೆಸರನ್ನೂ ಕಲಸಿದ ದಿನವನ್ನೂ ದಪ್ಪಕ್ಷರದಲ್ಲಿ ಬರೆಯಿರಿ. ಡೆವಲಪರನ್ನು ಎಡಗಡೆ, ಫಿಕ್ಸರನ್ನು ಬಲಗಡೆ ಇಡುವ ಅಭ್ಯಾಸವನ್ನು ಎಂದಿಗೂ ಬದಲಿಸಬೇಡಿರಿ. ಅನಂತರ ಫಿಲ್ಮಿನ ಮೊದಲ ತುದಿಯಿಂದ ಕತ್ತರಿಸಿದ ಎರಡು ಚೂರುಗಳನ್ನು ತೆಗೆದುಕೊಂಡು ಒಂದನ್ನು ಡೆವಲಪರಿನಲ್ಲಿಯೂ ಮತ್ತೊಂದನ್ನು ಫಿಕ್ಸರಿನಲ್ಲಿಯೂ ಹಗಲು ಬೆಳಕಿನಲ್ಲಿಯೇ ಹಾಕಿರಿ. ಡೆವಲಪರಿನ ಚೂರು ಕೆಲವು ನಿಮಿಷಗಳಲ್ಲಿ ಕಪ್ಪಾಗಬೇಕು. ಫಿಕ್ಸರಿನ ಚೂರು ತಿಳಿಯಾಗಬೇಕು. ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತೋ ಅದರ ಎರಡರಷ್ಟು ಹೊತ್ತು ನಿಜವಾದ ಫಿಲ್ಮನ್ನು ಫಿಕ್ಸರಿನಲ್ಲಿ ಇಡತಕ್ಕದ್ದು. ಹೊಸ ಫಿಕ್ಸರಿಗೆ ಹಿಡಿಯುವ ಹೊತ್ತಿನ ಇಮ್ಮಡಿಯಾದರೆ ಆ ದ್ರಾವಣವು ಸೋತಿದೆಯೆಂದು ತಿಳಿಯಬೇಕು. ಈ ಪರೀಕ್ಷೆಯನ್ನು ಮಾಡಿದ್ದರೆ ನಮ್ಮ ದೊಡ್ಡಮ್ಮನವರ ಮುಖವು ಇಂದೂ ನಮ್ಮ ಬಳಿ ಇರುತ್ತಿತ್ತು.

ಡೆವಲಪರನ್ನು ಮನೆಯಲ್ಲಿಯೇ ಕೂಡಿಸುವವರು ಕ್ರಮವನ್ನು ತಪ್ಪಿಸಬಾರದು. ೧೯೨೭ರಲ್ಲಿ ಕೊಡಾಕ್ ಕಂಪನಿಯವರು ಬಳಕೆಗೆ ತಂದ ‘ಡಿ-೭೬’ ಎಂಬುದು ಇಂದಿಗೂ ನಂಬಬಹುದಾದ ಡೆವಲಪರು. ಒಂದು ಲೀಟರಿಗೆ ಮೆಟಾಲ್ ೨ ಗ್ರಾಂ, ಸೋಡಿಯಂ ಸಲ್ಫೈಟ್ ೧೦೦ ಗ್ರಾಂ, ಹೈಡ್ರೊಕ್ವಿನೋನ್ ೫ ಗ್ರಾಂ, ಬೋರಾಕ್ಸ್ ೨ ಗ್ರಾಂ ಬೇಕು. ಸುಮಾರು ೫೦ ಡಿಗ್ರಿ ಶಾಖದ ಮುಕ್ಕಾಲು ಲೀಟರು ನೀರಿನಲ್ಲಿ ಮೊದಲು ಒಂದು ಚಿಟಿಕೆ ಸಲ್ಫೈಟನ್ನೂ ಆ ಬಳಿಕ ಮೆಟಾಲನ್ನೂ ಕರಗಿಸಿ, ಆಮೇಲೆ ಉಳಿದವುಗಳನ್ನು ಒಂದೊಂದಾಗಿ ಹಾಕಿ, ಕಡೆಗೆ ನೀರು ಸೇರಿಸಿ ಲೀಟರು ಮಾಡಬೇಕು. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲು ಸರಿಯಾಗಿ ಕರಗದು. ಕಂದು ಬಣ್ಣಕ್ಕೆ ತಿರುಗಿದ ಡೆವಲಪರನ್ನು ಚೆಲ್ಲುವುದೇ ಲೇಸು.

ಕತ್ತಲೆಯಲ್ಲಿ ಮಾಡತಕ್ಕ ಕೆಲಸ

ಕೆಂಪು ದೀಪದ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಆ ದೀಪವು ಚಿತ್ರ ಅಚ್ಚುಮಾಡುವ ಕಪ್ಪುಬಿಳುಪು ಕಾಗದಕ್ಕೆ ಸಲ್ಲುವುದು. ಈಗಿನ ಸಾಮಾನ್ಯ ಫಿಲ್ಮು ಎಲ್ಲ ಬಣ್ಣಗಳ ಬೆಳಕನ್ನೂ ಗ್ರಹಿಸುವುದರಿಂದ ಅದಕ್ಕೆ ಕೆಂಪು ಬೆಳಕೂ ಹಾನಿಕರವೇ. ಹಳೆಯ ಮನೆಗಳ ಕಿಟಕಿಯಿಲ್ಲದ ಉಗ್ರಾಣವಾಗಲಿ, ರಾತ್ರಿಯ ಹೊತ್ತಿನ ಬಚ್ಚಲುಮನೆಯಾಗಲಿ ಸಾಕು. ಬಾಗಿಲ ಸಂದಿಗೆ ಕಂಬಳಿಯನ್ನು ಒತ್ತಿ, ಐದು ನಿಮಿಷ ಸುಮ್ಮನೆ ಕುಳಿತು ನೋಡಿರಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆಯೂ ನಿಮ್ಮ ಕೈ ನಿಮಗೆ ಕಾಣಿಸಕೂಡದು. ಹೊಳೆಯುವ ಕೈಗಡಿಯಾರವನ್ನೂ ಮೊಬೈಲನ್ನೂ ಹೊರಗೆ ಬಿಟ್ಟು ಬರತಕ್ಕದ್ದು.

ಫಿಲ್ಮನ್ನು ರೀಲಿಗೆ ಸುತ್ತುವುದು ಎಲ್ಲಕ್ಕಿಂತ ಕಷ್ಟವಾದ ಕೆಲಸ. ಹಾಳಾದ ಒಂದು ಫಿಲ್ಮನ್ನು ಇಟ್ಟುಕೊಂಡು ಮೊದಲು ಕಣ್ಣು ತೆರೆದು, ಬಳಿಕ ಕಣ್ಣು ಮುಚ್ಚಿ, ಹತ್ತು ಸಲ ಅಭ್ಯಾಸಮಾಡಿರಿ. ಪ್ಲಾಸ್ಟಿಕ್ ರೀಲಿನಲ್ಲಿ ತೇವವಿದ್ದರೆ ಫಿಲ್ಮು ನಡುವೆಯೇ ಹಿಡಿದುಕೊಳ್ಳುವುದು; ಬೆವರಿದ ಕೈಯಿಂದಲೂ ಹಾಗೆಯೇ. ಬಲಾತ್ಕಾರದಿಂದ ತಳ್ಳಿದರೆ ಫಿಲ್ಮು ಬಳುಕಿ ಅರ್ಧಚಂದ್ರಾಕಾರದ ಗುರುತುಗಳು ಬೀಳುವುವು. ಸುತ್ತು ಸುತ್ತಿಗೆ ಅಂಟಿದರೆ ಆ ಭಾಗಕ್ಕೆ ದ್ರಾವಣವು ತಲುಪದು. ಸಿಕ್ಕಿಕೊಂಡಾಗ ದೀಪ ಹಾಕುವ ಆಸೆಗೆ ಒಳಗಾಗದೆ, ಫಿಲ್ಮನ್ನು ಬಿಡಿಸಿ ಡಬ್ಬಿಯಲ್ಲಿಟ್ಟು ಮುಚ್ಚಿ, ಕೈಯೊರಸಿಕೊಂಡು ಪುನಃ ಆರಂಭಿಸಿರಿ. ಡಬ್ಬಿಯನ್ನು ಮುಚ್ಚಿದ ಮೇಲೆ ದೀಪ ಹಚ್ಚಬಹುದು.

ಶಾಖದ ವಿಷಯ

ಡೆವಲಪರಿಗೆ ಸಾಮಾನ್ಯವಾಗಿ ಹೇಳುವ ಶಾಖವು ೨೦ ಡಿಗ್ರಿ ಸೆಂಟಿಗ್ರೇಡು. ಏಪ್ರಿಲ್ ಮೇ ತಿಂಗಳುಗಳಲ್ಲಿ ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ನಲ್ಲಿಯ ನೀರು ಅಷ್ಟು ತಣ್ಣಗೆ ಬರುವುದುಂಟೆ? ಒಂದು ಡಿಗ್ರಿ ಏರಿದರೆ ಕಾಲವು ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾಗುವುದು: ೨೦ ಡಿಗ್ರಿಯಲ್ಲಿ ೮ ನಿಮಿಷ ಬೇಕಾದ ಫಿಲ್ಮಿಗೆ ೨೪ ಡಿಗ್ರಿಯಲ್ಲಿ ಸುಮಾರು ಐದೂವರೆ ನಿಮಿಷ ಸಾಕು. ಐದು ನಿಮಿಷಕ್ಕಿಂತ ಕಡಿಮೆಯಾದರೆ ಚಿತ್ರವು ಒಂದೇ ಸಮನಾಗಿ ಏಳುವುದಿಲ್ಲ. ಆದ್ದರಿಂದ ಬೇಸಗೆಯಲ್ಲಿ ಡೆವಲಪರಿಗೆ ಸಮಭಾಗ ನೀರು ಬೆರಸಿ ಕಾಲವನ್ನು ಹೆಚ್ಚಿಸಿಕೊಳ್ಳುವುದು ಉತ್ತಮ. ಹಾಗೆ ಬೆರಸಿದ್ದನ್ನು ಒಂದು ಸಲ ಮಾತ್ರ ಬಳಸಬೇಕು. ಮಣ್ಣಿನ ಕೊಡದಲ್ಲಿ ರಾತ್ರಿಯೆಲ್ಲ ಇಟ್ಟ ನೀರನ್ನು ಅಗಲವಾದ ಬುಟ್ಟಿಗೆ ಹೊಯ್ದು, ಬೇಕಾದರೆ ಅದರಲ್ಲಿ ಮಂಜುಗಡ್ಡೆಯನ್ನು ಹಾಕಿ, ಎಲ್ಲ ಬಾಟಲಿಗಳನ್ನೂ ಅದರೊಳಗೆ ನಿಲ್ಲಿಸಿರಿ. ಮಂಜುಗಡ್ಡೆಯನ್ನು ದ್ರಾವಣದೊಳಕ್ಕೇ ಹಾಕಿದರೆ ಅದು ತೆಳುವಾಗಿ ಕೆಡುವುದು. ಡೆವಲಪರು ತಣ್ಣಗಿದ್ದು ತೊಳೆಯುವ ನೀರು ಬಿಸಿಯಾಗಿದ್ದರೆ ಫಿಲ್ಮಿನ ಮೇಲಣ ಲೇಪವು ಸುಕ್ಕುಗಟ್ಟುವ ಭಯವುಂಟು. ಆದಕಾರಣ ಕಡೆಯ ನೀರಿನವರೆಗೂ ಶಾಖವು ಹೆಚ್ಚುಕಡಿಮೆ ಒಂದೇ ಆಗಿರಲಿ.

ಡೆವಲಪರನ್ನು ಹೊಯ್ದ ಕೂಡಲೇ ಡಬ್ಬಿಯ ಬುಡವನ್ನು ಎರಡು ಮೂರು ಸಲ ತಟ್ಟಿರಿ. ಇಲ್ಲವಾದರೆ ಗಾಳಿಗುಳ್ಳೆಗಳು ಕುಳಿತ ಕಡೆ ದುಂಡು ಕಲೆಗಳು ಉಳಿಯುವುವು. ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ನಿಮಿಷಕ್ಕೆ ಹತ್ತು ಸೆಕೆಂಡು, ಡಬ್ಬಿಯನ್ನು ಮೆಲ್ಲಗೆ ಮಗುಚಿ ನಿಲ್ಲಿಸಬೇಕು.

ನೀರೂ ಧೂಳೂ

ನೀರಿನ ಬೆಲೆಯನ್ನು ನಮ್ಮ ಜಿಲ್ಲೆಯವರಿಗೆ ಬೋಧಿಸಬೇಕಾಗಿಲ್ಲ. ಬಹಮನಿ ಅರಸರ ಕಾಲದವರು ನೌಬಾದಿನಲ್ಲಿ ನೆಲದಡಿಯ ಕರೇಜನ್ನು ತೋಡಿಸಿದ್ದೇ ಅದಕ್ಕೆ ಸಾಕ್ಷಿ. ನಲ್ಲಿಯನ್ನು ಅರ್ಧ ಗಂಟೆ ತೆರೆದಿಡದೆ ಫಿಲ್ಮನ್ನು ಶುದ್ಧಿಮಾಡುವ ಕ್ರಮವೊಂದನ್ನು ಇಲ್ಫರ್ಡ್ ಕಂಪನಿಯವರು ಹೇಳಿದ್ದಾರೆ. ಲೇಪವನ್ನು ಗಟ್ಟಿಮಾಡುವ ಫಿಕ್ಸರನ್ನು ಬಳಸದವರಿಗೆ ಇದು ಸಲ್ಲುವುದು. ಡಬ್ಬಿಗೆ ನೀರು ತುಂಬಿ ಐದು ಸಲ ಮಗುಚಿ ಚೆಲ್ಲುವುದು. ಮತ್ತೆ ತುಂಬಿ ಹತ್ತು ಸಲ. ಮೂರನೆಯದಾಗಿ ಇಪ್ಪತ್ತು ಸಲ. ಚಿಕ್ಕ ಡಬ್ಬಿಗೆ ಸುಮಾರು ಒಂದು ಲೀಟರಿನಲ್ಲಿ ಕೆಲಸವು ಮುಗಿಯುವುದು. ಬಾವಿಯ ಗಡಸು ನೀರು ಒಣಗಿದ ಮೇಲೆ ಸುಣ್ಣದ ಬಿಳಿಯ ಕಲೆಗಳನ್ನು ಬಿಡುವುದರಿಂದ ಕಡೆಯ ಸಲ ಮಾತ್ರ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದ್ದಿ ತೆಗೆಯಿರಿ.

ಬೀದರಿನ ಕೆಂಪು ಧೂಳೂ ಭಾಲ್ಕಿ ಔರಾದುಗಳ ಕರಿಯ ಧೂಳೂ ಒದ್ದೆ ಫಿಲ್ಮಿಗೆ ಸಮಾನ ಶತ್ರುಗಳು. ಬಿಸಿನೀರು ಸುರಿದು ಆವಿಯೆಬ್ಬಿಸಿದ ಬಚ್ಚಲುಮನೆಯಲ್ಲಿ ಧೂಳು ಅಡಗಿದ ಬಳಿಕ ಫಿಲ್ಮನ್ನು ತೂಗುಹಾಕಿ, ಫ್ಯಾನು ಹಾಕದೆ, ಬಾಗಿಲು ಮುಚ್ಚಿ ಬೆಳಗಿನವರೆಗೆ ಮುಟ್ಟದಿರಿ.

ದೋಷವನ್ನು ಗುರುತಿಸುವ ಬಗೆ

ಫಿಲ್ಮು ಕೆಟ್ಟರೂ ಅದನ್ನು ಎಸೆಯದೆ ಓದಲು ಕಲಿಯಿರಿ. ಅಂಚಿನ ಅಕ್ಷರಗಳೂ ಅಂಕೆಗಳೂ ಕಪ್ಪಾಗಿ ಮೂಡಿ ನಡುವೆ ಏನೂ ಇಲ್ಲದಿದ್ದರೆ ತೊಳೆದುದರಲ್ಲಿ ತಪ್ಪಿಲ್ಲ. ಕ್ಯಾಮರಾದೊಳಗೆ ಫಿಲ್ಮು ಮುಂದೆ ಸರಿದಿಲ್ಲ, ಅಥವಾ ಬೆಳಕು ಬಿದ್ದಿಲ್ಲ. ಅಂಚಿನ ಅಕ್ಷರಗಳೂ ಇಲ್ಲದಿದ್ದರೆ ಡೆವಲಪರು ಸತ್ತಿದೆ, ಇಲ್ಲವೆ ನಮ್ಮಂತೆ ಫಿಕ್ಸರನ್ನು ಮೊದಲು ಹೊಯ್ದಿದ್ದೀರಿ. ಎಲ್ಲವೂ ಕಪ್ಪಾಗಿದ್ದರೆ ಬೆಳಕು ನುಗ್ಗಿದೆ. ಹಾಲಿನಂತೆ ಮಬ್ಬಾಗಿದ್ದರೆ ಫಿಕ್ಸರು ಸಾಲದು. ಇದೊಂದು ದೋಷವನ್ನು ಮಾತ್ರ ಹೊಸ ಫಿಕ್ಸರಿನಲ್ಲಿ ಮತ್ತೆ ಇಟ್ಟು ಸರಿಪಡಿಸಬಹುದು. ತಪ್ಪನ್ನು ತಿಂಗಳು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಿರಿ.

ತಾಯಂದಿರಿಗೆ ಒಂದು ಮಾತು. ಈ ದ್ರಾವಣಗಳನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು; ಅಡಿಗೆಯ ಪಾತ್ರೆಗಳನ್ನು ಬಳಸಬಾರದು. ಮೆಟಾಲು ಕೆಲವರ ಚರ್ಮಕ್ಕೆ ಒಗ್ಗದಾದ್ದರಿಂದ ಕೈಚೀಲ ಅವಶ್ಯ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿಯಿರುವುದರಿಂದ ಅದನ್ನು ಬಾವಿಯ ಬಳಿಯಾಗಲಿ ಚರಂಡಿಗಾಗಲಿ ಚೆಲ್ಲದೆ, ಡಬ್ಬದಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವವರಿಗೆ ಒಪ್ಪಿಸತಕ್ಕದ್ದು.

ಹೊಸಬರು ಮೊದಲನೆಯ ಫಿಲ್ಮಿನಲ್ಲಿಯೇ ಮನೆಯವರ ಚಿತ್ರಗಳನ್ನು ತೆಗೆಯಬೇಡಿರಿ. ೧೪೭೨ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನರ ಮದರಸಾವನ್ನು ತೆಗೆಯಿರಿ. ಭಾಲ್ಕಿಯ ಕೋಟೆಯನ್ನೂ ಔರಾದಿನ ಅಮರೇಶ್ವರ ಗುಡಿಯನ್ನೂ ತೆಗೆಯಿರಿ. ಫಿಲ್ಮು ಕೆಟ್ಟರೆ ಅವು ನಾಳೆಯೂ ಅಲ್ಲಿಯೇ ಇರುವುವು. ಮೂರು ಸುರುಳಿಗಳು ಒಂದಾದ ಮೇಲೊಂದು ಚೆನ್ನಾಗಿ ಬಂದ ಬಳಿಕ ಅಜ್ಜಿಯನ್ನು ಅಂಗಳದಲ್ಲಿ ಕೂಡಿಸಿ ಚಿತ್ರ ತೆಗೆಯಿರಿ. ಆದರೆ ಆ ಮೂರು ಸುರುಳಿಗಳನ್ನು ಮುಗಿಸಲು ಬಹಳ ದಿನ ತಡಮಾಡಬೇಡಿರಿ. ಈ ಕೆಲಸಕ್ಕೆ ಕೈಹಾಕುವ ನಮ್ಮ ಸಹೋದರಿಯರಿಗೆ ದೇವರು ತಾಳ್ಮೆಯನ್ನು ಅನುಗ್ರಹಿಸಲೆಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇವೆ.